ಕೋಟಗಿರಿಯಲ್ಲಿ ಮೂರು ದಿನ: ಒಂದು ಕಾಡು, ಒಂದು ತೋಟ, ಅಪ್ಪನ ಮಂಡಿ

ದಸರಾ ಮುಗಿದ ಮೇಲೆ ಮೈಸೂರಿನವರಿಗೆ ಒಂಥರಾ ಸುಸ್ತು. ಹತ್ತು ದಿನ ಮನೆ ತುಂಬ ನೆಂಟರು, ಬೀದಿ ತುಂಬ ಲೈಟು, ಎಲ್ಲಿಗೆ ಹೊರಟರೂ ಟ್ರಾಫಿಕ್ಕು. ಜಂಬೂ ಸವಾರಿ ನೋಡಲು ಬಂದವರೆಲ್ಲ ಅವರವರ ಊರಿಗೆ ಹೋದ ಮೇಲೆ ನಾವು ಊರು ಬಿಡುವುದು ನಮ್ಮ ಮನೆಯ ಪದ್ಧತಿ. ಈ ಸಲ ಗೊಂಬೆಗಳನ್ನು ಇಳಿಸಿ, ಹಳೇ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದ ಮಾರನೇ ದಿನವೇ ಹೊರಟೆವು. ಬೊಂಬೆ ಬಾಗಿನಕ್ಕೆ ಮಾಡಿದ್ದ ಕೊಬ್ಬರಿ ಮಿಠಾಯಿ ಒಂದು ಡಬ್ಬಿ ಉಳಿದಿತ್ತು. ಅದೂ ಕಾರು ಹತ್ತಿತು.

ಕಾರಿನಲ್ಲಿ ಐದು ಜನ. ನಾನು, ನಮ್ಮ ಯಜಮಾನರು, ಮೂರನೇ ಕ್ಲಾಸಿನ ಪುಟ್ಟಿ, ಹುಣಸೂರು ಕಡೆಯ ಊರಿನಿಂದ ದಸರಾಕ್ಕೆ ಬಂದು ಉಳಿದುಕೊಂಡಿದ್ದ ಅಪ್ಪ, ಅಮ್ಮ. ಅಪ್ಪನಿಗೆ ಎಪ್ಪತ್ತೊಂದು. ಎಡಗಾಲಿನ ಮಂಡಿ ಎರಡು ವರ್ಷದಿಂದ ಕೈಕೊಟ್ಟಿದೆ. ಮಂಡಿ ಹೇಗೆ ಕೈಕೊಡುತ್ತದೆ ಅಂತ ಪುಟ್ಟಿ ಕೇಳುತ್ತಾಳೆ, ಇರಲಿ.

ಊಟಿ ಅಂದಾಗ ಅಪ್ಪ ಒಪ್ಪಲಿಲ್ಲ. "ನಾಲ್ಕು ಸಲ ನೋಡಿದ್ದೀನಿ ಕಣಮ್ಮ. ಅದೇ ಬೋಟು, ಅದೇ ಕುದುರೆ, ಅದೇ ಜನ. ಮರ ಇರೋ ಕಡೆ ಕರ್ಕೊಂಡು ಹೋಗೋದಾದ್ರೆ ಬರ್ತೀನಿ" ಅಂದರು. ಹಾಗಾಗಿ ಕೋಟಗಿರಿ. ಊಟಿಯಿಂದ ಆಚೆಗೆ ಒಂದು ಗಂಟೆ ದಾರಿ. ಸಣ್ಣ ಊರು, ಸುತ್ತ ಟೀ ತೋಟ, ಊರ ಪಕ್ಕದಲ್ಲೇ ಲಾಂಗ್‌ವುಡ್ ಅನ್ನೋ ಶೋಲಾ ಕಾಡು. ಶೋಲಾ ಅಂದರೆ ಎತ್ತರದ ಬೆಟ್ಟಗಳ ಮಡಿಲಲ್ಲಿ ಬೆಳೆಯುವ ಗಿಡ್ಡ ಮರಗಳ ದಟ್ಟ ಕಾಡು.

ಮೊದಲ ದಿನ: ಮಜ್ಜಿಗೆ ಮತ್ತು ಮೂವತ್ತಾರು ತಿರುವು

ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟೆವು. ಗುಂಡ್ಲುಪೇಟೆ ದಾಟಿದ ಮೇಲೆ ಹುಣಸೆ ಮರದ ಕೆಳಗೆ ಕಾರು ನಿಲ್ಲಿಸಿ ಅಮ್ಮನ ಪುಳಿಯೋಗರೆ ತಿಂದೆವು. ಬಂಡೀಪುರದೊಳಗೆ ಹೋದ ಮೇಲೆ ನಿಲ್ಲಿಸುವ ಹಾಗಿಲ್ಲ, ಕಿಟಕಿಯಿಂದ ಏನನ್ನೂ ಎಸೆಯುವ ಹಾಗಿಲ್ಲ. ಹೊಟ್ಟೆ ಕೆಲಸ ಮೊದಲೇ ಮುಗಿಸಿಕೊಂಡರೆ ಒಳ್ಳೆಯದು. ಮಳೆಗಾಲ ಆಗಷ್ಟೇ ಮುಗಿದಿತ್ತು. ರಸ್ತೆಯ ಎರಡೂ ಕಡೆ ಹುಲ್ಲು ಎದೆಮಟ್ಟ ಬೆಳೆದಿತ್ತು. ಜಿಂಕೆಗಳ ಬೆನ್ನು ಮಾತ್ರ ಕಾಣುತ್ತಿತ್ತು.

ಗಡಿಯ ಕೆಕ್ಕನಹಳ್ಳ ಚೆಕ್‌ಪೋಸ್ಟ್‌ನಲ್ಲಿ ನಮ್ಮ ಇ-ಪಾಸ್ ನೋಡಿದರು. 2024ರ ಮೇ ತಿಂಗಳಿಂದ ನೀಲಗಿರಿಗೆ ಹೋಗುವ ಹೊರಗಿನ ಗಾಡಿಗಳಿಗೆ ಇದು ಬೇಕೇ ಬೇಕು. ಆನ್‌ಲೈನ್‌ನಲ್ಲಿ ಐದು ನಿಮಿಷದ ಕೆಲಸ, ದುಡ್ಡು ಕೊಡಬೇಕಿಲ್ಲ. ಅದನ್ನು ಹಿಂದಿನ ರಾತ್ರಿಯೇ ಮಾಡಿಕೊಂಡಿದ್ದೆವು. ಆದರೆ ಪ್ಲಾಸ್ಟಿಕ್ ಬಾಟಲಿ ಬಿಡುವುದಿಲ್ಲ ಅನ್ನುವುದು ಗೊತ್ತಿದ್ದೂ ಮರೆತಿದ್ದೆವು. ನೀರಿನದು ಸ್ಟೀಲ್ ಬಾಟಲಿ, ಸರಿ. ಅಮ್ಮ ಮಾತ್ರ ಹಳೇ ಕೂಲ್‌ಡ್ರಿಂಕ್ ಬಾಟಲಿಯಲ್ಲಿ ಒಂದು ಲೀಟರ್ ಮಜ್ಜಿಗೆ ತುಂಬಿಕೊಂಡು ಬಂದಿದ್ದರು. ತಪಾಸಣೆ ಮಾಡುತ್ತಿದ್ದ ಹುಡುಗಿ ಬಾಟಲಿ ಕೊಡಿ ಅಂದಳು. ಅಮ್ಮನ ಮುಖ ನೋಡಿ ಅವಳಿಗೂ ಪಾಪ ಅನ್ನಿಸಿತು. ಅಪ್ಪ ಕೆಳಗಿಳಿದರು. ಬಾಟಲಿ ಎತ್ತಿ, ತುಟಿಗೆ ತಾಗಿಸದೆ, ಗಂಟಲಿಗೇ ಸುರಿದುಕೊಂಡರು. ಅರ್ಧ ಆದ ಮೇಲೆ ಅಳಿಯನಿಗೆ ಕೊಟ್ಟರು. "ಕುಡೀರಿ, ಮನೆ ಹಸು ಮಜ್ಜಿಗೆ" ಅಂದರು. ಹಿಂದೆ ಸಾಲಾಗಿ ನಿಂತ ಕಾರುಗಳು ಹಾರ್ನ್ ಹೊಡೆಯುತ್ತಿದ್ದವು. ಖಾಲಿ ಬಾಟಲಿ ಕೊಟ್ಟು ಮುಂದೆ ಹೋದೆವು.

ತೆಪ್ಪಕಾಡು ಸೇತುವೆ, ಮಸಿನಗುಡಿ, ಆಮೇಲೆ ಕಲ್ಹಟ್ಟಿ ಘಾಟಿ. ಮೂವತ್ತಾರು ಹೇರ್‌ಪಿನ್ ತಿರುವು. ಇಲ್ಲಿ ಹೊರಗಿನ ಗಾಡಿಗಳನ್ನು ಹತ್ತಲು ಬಿಡುತ್ತಾರೆ, ಇಳಿಯಲು ಬಿಡುವುದಿಲ್ಲ. ಬ್ರೇಕ್ ಕಾದು ಬಿದ್ದ ಗಾಡಿಗಳ ಕಥೆ ಆ ಕಡೆ ಎಲ್ಲರ ಬಾಯಲ್ಲೂ ಇದೆ. ಪ್ರತಿ ತಿರುವಿಗೂ ನಂಬರ್ ಬೋರ್ಡು. ಪುಟ್ಟಿ ಜೋರಾಗಿ ಎಣಿಸುತ್ತಿದ್ದಳು. ಇಪ್ಪತ್ತೆರಡಕ್ಕೆ ದನಿ ಸಣ್ಣಗಾಯಿತು. ಇಪ್ಪತ್ತಮೂರಕ್ಕೆ ಕಾರು ನಿಲ್ಲಿಸಬೇಕಾಯಿತು. ಪುಳಿಯೋಗರೆ ಹೊರಗೆ ಹೋಯಿತು. ಅವಳಿಗೆ ಬೇಜಾರಾಗಿದ್ದು ಅದಕ್ಕಲ್ಲ, ಮತ್ತೆ ಹೊರಟಾಗ ಲೆಕ್ಕ ತಪ್ಪಿದ್ದಕ್ಕೆ.

ಊಟಿಯೊಳಗೆ ನಿಲ್ಲದೆ ದೊಡ್ಡಬೆಟ್ಟದ ರಸ್ತೆ ಹಿಡಿದೆವು. ಎರಡೂ ಕಡೆ ನೀಲಗಿರಿ ಮರಗಳು, ನೇರ, ಎತ್ತರ, ತೊಗಟೆ ಸುಲಿದು ನೇತಾಡುತ್ತಿತ್ತು. ಪುಟ್ಟಿ ಕೇಳಿದಳು, "ತಾತ, ನೀಲಗಿರಿ ಬೆಟ್ಟದಲ್ಲಿ ಹುಟ್ಟಿದ್ದಕ್ಕೆ ಅದಕ್ಕೆ ನೀಲಗಿರಿ ಅಂತಾರಾ?"

ಅಲ್ಲ. ಈ ಮರ ಆಸ್ಟ್ರೇಲಿಯಾದ್ದು. 1843ರ ಸುಮಾರಿಗೆ ಇಂಗ್ಲಿಷರು ಸೌದೆಗೆಂದು ಈ ಬೆಟ್ಟಗಳಿಗೆ ತಂದು ಹಾಕಿದರು. ಇಲ್ಲಿಂದ ಎಲ್ಲ ಕಡೆ ಹಬ್ಬಿ, ಕನ್ನಡದಲ್ಲಿ ಬೆಟ್ಟದ ಹೆಸರೇ ಮರದ ಹೆಸರಾಯಿತು. ಅದಕ್ಕೂ ಎಷ್ಟೋ ಮುಂಚೆ ಟಿಪ್ಪು ಕಾಲದಲ್ಲಿ ನಂದಿಬೆಟ್ಟದಲ್ಲಿ ನೆಟ್ಟಿದ್ದರು ಅಂತಲೂ ಹೇಳುತ್ತಾರೆ. ಇದನ್ನೆಲ್ಲ ನಾನು ಹೇಳುತ್ತಿದ್ದರೆ ಅಪ್ಪ ಕಿಟಕಿ ಕಡೆ ತಿರುಗಿಕೊಂಡು ಕೂತಿದ್ದರು.

ಅವರಿಗೆ ಆ ಮರದ ಮಾತು ಬೇಡ. ಇಪ್ಪತ್ತೈದು ವರ್ಷದ ಹಿಂದೆ ಊರಿನ ಎರಡು ಎಕರೆಗೆ ಅವರೇ ನೀಲಗಿರಿ ಹಾಕಿಸಿದ್ದರು. ನೋಡಿಕೊಳ್ಳಬೇಕಿಲ್ಲ, ದನ ತಿನ್ನಲ್ಲ, ಆರೇಳು ವರ್ಷಕ್ಕೆ ಕಡಿದರೆ ದುಡ್ಡು ಅಂತ ಆಗ ಎಲ್ಲರೂ ಹಾಕಿದರು. ಮೂರು ಕಟಾವು ಆಯಿತು. ಅಷ್ಟರಲ್ಲಿ ಪಕ್ಕದ ತೆರೆದ ಬಾವಿ ಬತ್ತಿತು. ಬೋರ್‌ವೆಲ್ ಹಾಕಿಸಿದರು, ಅದರದ್ದೂ ಅದೇ ಕಥೆ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡಬಾರದು ಅಂದಾಗ ಅಪ್ಪ ಪೇಪರ್ ಮಡಚಿಟ್ಟು, "ಈಗ ಹೇಳ್ತಾರೆ" ಅಂದಿದ್ದು ನನಗೆ ನೆನಪಿದೆ. ಬುಡ ಕೀಳಿಸಿ ಆರು ವರ್ಷ ಆಯಿತು. ಆ ಎರಡು ಎಕರೆ ಈಗಲೂ ಬೀಳು.

ದಾರಿಯ ಬೋರ್ಡುಗಳಲ್ಲಿ ತಮಿಳು ನಮಗೆ ಬರುವುದಿಲ್ಲ. ಕೆಳಗಿನ ಇಂಗ್ಲಿಷ್ ಅಕ್ಷರ ಪುಟ್ಟಿ ಓದುತ್ತಿದ್ದಳು. ದೊಡ್ಡಬೆಟ್ಟ. ಕಟ್ಟಬೆಟ್ಟು. ನಡುಹಟ್ಟಿ. "ಇದು ತಮಿಳುನಾಡು ಅಂದ್ರಲ್ಲಾ, ಎಲ್ಲಾ ನಮ್ ಹೆಸರೇ ಇದೆ!" ಅಂದಳು. ಅದರ ಉತ್ತರ ರಾತ್ರಿ ಸಿಕ್ಕಿತು.

ಕೋಟಗಿರಿ ತಲುಪುವಾಗ ಮಳೆ. ಜೂನ್, ಜುಲೈನಲ್ಲಿ ಊಟಿ, ಗೂಡಲೂರು ಕಡೆ ಜಾಸ್ತಿ ಸುರಿಯುತ್ತದೆ. ಬೆಟ್ಟದ ಈ ಮಗ್ಗುಲಿಗೆ ಅಕ್ಟೋಬರ್, ನವೆಂಬರ್ ಮಳೆಯೇ ಜೋರು. ನಾವು ಸರಿಯಾಗಿ ಅದರ ಬಾಯಿಗೇ ಹೋಗಿ ಬಿದ್ದಿದ್ದೆವು. ಮಧ್ಯಾಹ್ನ ಮೂರರ ಮೇಲೆ ಏನೂ ಇಟ್ಟುಕೊಳ್ಳಬೇಡಿ, ಬೆಳಿಗ್ಗೆ ಓಡಾಡಿ ಮುಗಿಸಿ ಅಂತ ಹೋಮ್‌ಸ್ಟೇ ಅಕ್ಕ ಹೇಳಿದರು. ಮೂರೂ ದಿನ ಗಡಿಯಾರ ನೋಡಿಕೊಂಡು ಬಂದ ಹಾಗೆ ಮಳೆ ಮೂರೂಕಾಲಿಗೆ ಬಂತು.

ಮನೆಯವರು ಬಡಗರು. ರಾತ್ರಿ ಊಟಕ್ಕೆ ಏನು ಅಂತ ಕೇಳಿದರೆ ಅಕ್ಕ "ಹಿಟ್ಟು" ಅಂದರು. ಅಮ್ಮ ಕಣ್ಣರಳಿಸಿದರು. ನಮ್ಮ ಹುಣಸೂರು ಕಡೆಯೂ ಮುದ್ದೆಗೆ ಹಿಟ್ಟು ಅಂತಲೇ ಹೇಳುವುದು. ಜೊತೆಗೆ ಒಣ ಅವರೆಕಾಳು, ಆಲೂಗಡ್ಡೆ ಹಾಕಿದ ಖಾರದ ಸಾರು. ಅದರ ಹೆಸರು ಉದಕ! ನಮ್ಮಲ್ಲಿ ತೆಳ್ಳನೆ ಸಾರಿಗೆ ಉದ್ಕ ಅನ್ನುತ್ತಾರೆ. ಇದು ಅಷ್ಟು ತೆಳ್ಳಗಿರಲಿಲ್ಲ. ಹೊರಗೆ ಚಳಿ, ತಟ್ಟೆಯಲ್ಲಿ ಹೊಗೆಯಾಡುವ ಮುದ್ದೆ. ಅಪ್ಪ ಎರಡು ಮುಗಿಸಿ ಮೂರನೆಯದರ ಕಡೆ ನೋಡುತ್ತಿದ್ದರು.

ಆ ಮನೆಯ ಅಜ್ಜಿ ಬಿಳಿ ಬಟ್ಟೆ ಉಟ್ಟು, ತಲೆಗೂ ಬಿಳಿ ವಸ್ತ್ರ ಕಟ್ಟಿಕೊಂಡು ಒಲೆ ಪಕ್ಕ ಕೂತಿದ್ದರು. ಅಮ್ಮ ಹೋಗಿ ಪಕ್ಕದಲ್ಲಿ ಕೂತರು. ಇಬ್ಬರೂ ತಮ್ಮ ತಮ್ಮ ಮಾತು ಬಿಡಲಿಲ್ಲ, ಆದರೂ ಕೆಲಸ ನಡೆಯಿತು. ಮನೆ, ಹಾಲು, ಉಪ್ಪು, ಹಬ್ಬ ಎಲ್ಲ ಒಂದೇ. ನಡುವೆ ಒಂದು ಮಾತು ಜಾರಿದರೆ ಮಾತ್ರ ಅಕ್ಕ ಬಂದು ಎತ್ತಿಕೊಡುತ್ತಿದ್ದರು. ಬಡಗ ಅಂದರೆ ಬಡಗಣ ದಿಕ್ಕಿನವರು. ನೂರಾರು ವರ್ಷದ ಹಿಂದೆ ಮೈಸೂರು ಸೀಮೆಯಿಂದ ಬೆಟ್ಟ ಹತ್ತಿ ಬಂದವರು ನಾವು ಅಂತ ಅವರೇ ಹೇಳಿಕೊಳ್ಳುತ್ತಾರೆ. ಅವರ ಊರುಗಳೆಲ್ಲ ಹಟ್ಟಿಗಳು. ದನಕ್ಕೆ ಉಪ್ಪು ಕೊಡುವುದಕ್ಕೇ ಒಂದು ಹಬ್ಬ ಇದೆಯಂತೆ. ಅಮ್ಮ ತಮ್ಮ ಕಡೆಯ ಸಂಕ್ರಾಂತಿಯ ಕಿಚ್ಚು ಹಾಯಿಸುವ ಕಥೆ ಹೇಳಿದರು. ಈಗ ದನ ಎಷ್ಟಿವೆ ಅಂತ ಅಮ್ಮ ಕೇಳಿದ್ದಕ್ಕೆ ಅಜ್ಜಿ ಕೈ ಆಡಿಸಿ ಕಿಟಕಿಯ ಆಚೆ ತೋರಿಸಿದರು. ಹುಲ್ಲುಗಾವಲು ಇದ್ದ ಕಡೆಯೆಲ್ಲ ಈಗ ಟೀ.

ಎರಡನೇ ದಿನ: ಲಾಂಗ್‌ವುಡ್

ಲಾಂಗ್‌ವುಡ್ ಶೋಲಾ ಕೋಟಗಿರಿ ಪೇಟೆಯಿಂದ ಮೂರು ಕಿಲೋಮೀಟರ್. ಸುಮ್ನೆ ಹೋಗಿ ಒಳಗೆ ನುಗ್ಗುವ ಹಾಗಿಲ್ಲ, ಅರಣ್ಯ ಇಲಾಖೆಯ ಅನುಮತಿ ಬೇಕು. ಹೋಮ್‌ಸ್ಟೇಯವರು ಹಿಂದಿನ ದಿನವೇ ಮಾತಾಡಿಟ್ಟಿದ್ದರು. ನೀವು ಹೋಗುವುದಾದರೆ ಮೊದಲೇ ವಿಚಾರಿಸಿಕೊಳ್ಳಿ, ಬೆಳಗ್ಗೆ ಗೇಟಿನ ಮುಂದೆ ನಿಂತು ವಾಪಸ್ಸು ಹೋದವರನ್ನು ನೋಡಿದೆವು.

ಹೊರಡುವ ಮೊದಲು ಜಿಗಣೆಯ ಪಂಚಾಯಿತಿ. ಮಳೆಯಲ್ಲಿ ನೆಂದ ಕಾಡು, ಜಿಗಣೆ ಇದ್ದೇ ಇರುತ್ತದೆ. ಅಮ್ಮ ತಮ್ಮ ಎಲೆಅಡಿಕೆ ಚೀಲದಿಂದ ಹೊಗೆಸೊಪ್ಪು ತೆಗೆದು, ನೀರಲ್ಲಿ ನೆನೆಸಿ, ಎಲ್ಲರ ಕಾಲುಚೀಲಕ್ಕೂ ಶೂಗೂ ತಿಕ್ಕಿದರು. ಹುಣಸೂರು ಹೊಗೆಸೊಪ್ಪು, ವಾಸನೆಗೇ ತಲೆ ತಿರುಗುತ್ತದೆ. "ಅತ್ತೆ, ನಂಗೆ ಬೇಡ, ಹೊಸ ಶೂ" ಅಂತ ಇವರು ತಪ್ಪಿಸಿಕೊಂಡರು. ಮುಂದೆ ಬರುತ್ತದೆ ಅದರ ಕಥೆ.

ನಮ್ಮ ಜೊತೆ ಬಂದ ವಾಚರ್ ಅಲ್ಲಿಯವರೇ, ಬಡಗರು. ಅಪ್ಪನ ನಡಿಗೆ ನೋಡಿ ಒಂದು ಕೋಲು ತಂದುಕೊಟ್ಟರು. ತಿಂಡಿ ಪೊಟ್ಟಣ ಎಲ್ಲ ಹೊರಗೇ ಇಡಿಸಿದರು. ಒಳಗೆ ಕಾಟಿ (ಕಾಡುಕೋಣ) ಇವೆ, ಎದುರಾದರೆ ಓಡಬೇಡಿ, ಕಿರುಚಬೇಡಿ, ನನ್ನ ಹಿಂದೆ ನಿಂತುಬಿಡಿ ಅಂದರು. ಪುಟ್ಟಿ ಆಗಲೇ ಹಿಂದೆ ನಿಂತಿದ್ದಳು.

ಟೀ ತೋಟ ಮುಗಿದ ಕಡೆ ಕಾಡು ಶುರು. ನಡುವೆ ಬೇಲಿ, ಬಯಲು ಏನೂ ಇಲ್ಲ. ಟೀ ಗಿಡದ ಕೊನೇ ಸಾಲು, ಅಲ್ಲಿಂದ ನಾಲ್ಕು ಹೆಜ್ಜೆ, ಬೆಳಕು ಹೋಯಿತು. ಫ್ರಿಜ್ ಬಾಗಿಲು ತೆಗೆದ ಹಾಗೆ ತಣ್ಣನೆ ಗಾಳಿ ಮುಖಕ್ಕೆ ಬಂತು. ಮಳೆ ನಿಂತು ಎಷ್ಟೋ ಹೊತ್ತಾಗಿತ್ತು. ಆದರೂ ಒಳಗೆ ಹನಿ ಬೀಳುತ್ತಲೇ ಇತ್ತು, ಎಲೆಯಿಂದ ಎಲೆಗೆ, ಆಮೇಲೆ ನಮ್ಮ ಕತ್ತಿಗೆ.

ನೆನ್ನೆ ನೋಡಿದ ನೀಲಗಿರಿ ಮರಗಳಿಗೂ ಇವಕ್ಕೂ ಎಲ್ಲಿಂದೆಲ್ಲಿಗೆ. ಇಲ್ಲಿ ಒಂದು ಮರವೂ ನೆಟ್ಟಗಿಲ್ಲ. ಎಲ್ಲ ಸೊಟ್ಟ, ಗಂಟು, ಮೈ ತುಂಬ ಪಾಚಿ, ಪಾಚಿಯೊಳಗೆ ಪುಟ್ಟ ಜರಿಗಿಡ, ಕೊಂಬೆಯಲ್ಲಿ ಆರ್ಕಿಡ್. ಎತ್ತರವೂ ಜಾಸ್ತಿ ಇಲ್ಲ. ಮೇಲೆ ಒಂದು ಕಡೆ ಕೆಂಪು ಚಿಗುರು.

ಊರಿನಲ್ಲಿ ಅಪ್ಪನಿಗೆ ಗೊತ್ತಿಲ್ಲದ ಮರ ಇಲ್ಲ. ಬಸ್ಸಿನಲ್ಲಿ ಕೂತೇ ಇದು ಹೊನ್ನೆ, ಇದು ಮತ್ತಿ, ಇದು ದಿಂಡಿಗ ಅಂತ ಹೇಳಿಕೊಂಡು ಬರುತ್ತಾರೆ. ಇಲ್ಲಿ ಹತ್ತು ನಿಮಿಷ ನಡೆದರೂ ಒಂದು ಹೆಸರೂ ಹೊರಡಲಿಲ್ಲ. ಪುಟ್ಟಿ "ತಾತ ಇದು?" ಅಂತ ಕೇಳುತ್ತಲೇ ಇದ್ದಳು. ತಾತ ಕೋಲು ಊರಿಕೊಂಡು ಮೇಲೆ ನೋಡುತ್ತಾರೆ, "ಗೊತ್ತಿಲ್ಲ ಮಗ" ಅನ್ನುತ್ತಾರೆ. ವಾಚರ್ ಕೆಳಗೆ ಬಿದ್ದಿದ್ದ ಒಂದು ಎಲೆ ಎತ್ತಿ, ಹಿಸುಕಿ, ಅಪ್ಪನ ಮೂಗಿಗೆ ಹಿಡಿದರು. "ಚಕ್ಕೆ!" ಅಂದರು ಅಪ್ಪ. ಕಾಡು ದಾಲ್ಚಿನ್ನಿ. ಸ್ವಲ್ಪ ಮುಂದೆ ಇನ್ನೊಂದು ಮರದ ಎಲೆ ನೋಡಿ ಅಪ್ಪನೇ "ಇದು ಸಂಪಿಗೆ ಜಾತಿ ಇರಬೇಕು" ಅಂದರು. ಹೌದಂತೆ, ಈ ಬೆಟ್ಟಗಳ ಕಾಡು ಸಂಪಿಗೆ. ಎರಡು ಮಾರ್ಕ್ಸ್ ಬಂದವರ ಹಾಗೆ ಮುಖ ಅರಳಿತು.

ಈ ಕಾಡು ಬರೀ 116 ಹೆಕ್ಟೇರ್. ಆದರೆ 2024ರ ಜನವರಿ ಕೊನೆಯಲ್ಲಿ ಇದಕ್ಕೆ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ನಮ್ಮ ಅಘನಾಶಿನಿ ಅಳಿವೆ, ಗದಗದ ಮಾಗಡಿ ಕೆರೆ, ಅಂಕಸಮುದ್ರ ಕೂಡ ಅದೇ ದಿನ ಸೇರಿದವು. ರಾಮ್ಸಾರ್ ಅಂದರೆ ಜೌಗು ಪ್ರದೇಶಗಳ ಪಟ್ಟಿ. ಕೆರೆ, ಅಳಿವೆ ಸರಿ, ಬೆಟ್ಟದ ಮೇಲಿನ ಕಾಡು ಹೇಗೆ ಜೌಗು ಅನ್ನುವುದು ನನ್ನ ಅನುಮಾನವಾಗಿತ್ತು. ಅದನ್ನು ಕೇಳಿದೆ. ವಾಚರ್ ಮಾತಾಡದೆ ಕಾಲಿನಿಂದ ತರಗೆಲೆ ಸರಿಸಿದರು. ಕೆಳಗೆ ಕಪ್ಪು ಮಣ್ಣು. ಶೂ ಗುರುತಿನೊಳಗೆ ನೀರು ಜಿನುಗಿ ನಿಂತಿತು.

ಅಪ್ಪ ಕೋಲು ನನ್ನ ಕೈಗೆ ಕೊಟ್ಟರು. ಮಂಡಿ ಬಗ್ಗಿಸಲು ಆಗುವುದಿಲ್ಲವಲ್ಲ, ಒಂದು ಬಂಡೆ ಹಿಡಿದು ಸೊಂಟದಿಂದಲೇ ಬಾಗಿದರು. ಬಂಡೆಯ ಮೇಲೆ ದಪ್ಪಗೆ ಪಾಚಿ ಬೆಳೆದಿತ್ತು. ಕೀಳಲಿಲ್ಲ. ಅಂಗೈ ಚಪ್ಪಟೆ ಮಾಡಿ ಅದರ ಮೇಲಿಟ್ಟು ಮೆಲ್ಲಗೆ ಒತ್ತಿದರು. ಬೆರಳ ಸಂದಿಯಿಂದ ನೀರು ಬಂತು. ಒಂದು ಹನಿ, ಎರಡು ಹನಿ, ಆಮೇಲೆ ಸಣ್ಣ ದಾರದ ಹಾಗೆ ಮಣಿಕಟ್ಟಿನ ಮೇಲೆ ಇಳಿದು ಶರಟಿನ ತೋಳಿನೊಳಗೆ ಹೋಯಿತು. ಕೈ ತೆಗೆದರೆ ಪಾಚಿ ನಿಧಾನಕ್ಕೆ ಮೇಲೆದ್ದಿತು. ಮತ್ತೆ ಒತ್ತಿದರು. ಮತ್ತೆ ನೀರು.

"ಏಪ್ರಿಲ್‌ನಲ್ಲಿ?" ಅಂತ ಕೇಳಿದರು ಅಪ್ಪ.

ವಾಚರ್ ಕೆಳಗಿನ ಹಳ್ಳ ತೋರಿಸಿದರು. ಆಗಲೂ ಹರಿಯುತ್ತದೆ, ಸಣ್ಣಗಾಗುತ್ತದೆ ಅಷ್ಟೆ. ಸುತ್ತಲಿನ ಹಟ್ಟಿಗಳಿಗೆ ಕುಡಿಯುವ ನೀರು ಇಲ್ಲಿಂದಲೇ ಹೋಗುವುದು. ಅದಕ್ಕೇ ಇದನ್ನು ಊರವರೇ ಕಾಯುತ್ತಾರೆ. ಅಪ್ಪ ಮತ್ತೇನೂ ಕೇಳಲಿಲ್ಲ. ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಳ್ಳಲು ಹೋಗಿ, ಪ್ಯಾಂಟು ಹಾಕಿದ್ದು ನೆನಪಾಗಿ, ಹಾಗೇ ಹಿಡಿದುಕೊಂಡು ನಡೆದರು.

ಅಷ್ಟರಲ್ಲಿ ಪೊದೆಯೊಳಗಿಂದ ಯಾರೋ ಗಹಗಹಿಸಿ ನಕ್ಕರು. ಒಬ್ಬರಲ್ಲ, ನಾಲ್ಕೈದು ಜನ ಒಟ್ಟಿಗೆ. ಪುಟ್ಟಿ ನನ್ನ ಸೊಂಟ ಹಿಡಿದುಕೊಂಡಳು. ಅದು ನೀಲಗಿರಿ ಲಾಫಿಂಗ್ ಥ್ರಶ್, ಪ್ರಪಂಚದಲ್ಲೇ ಈ ಬೆಟ್ಟಗಳಲ್ಲಿ ಬಿಟ್ಟರೆ ಹೆಚ್ಚೇನೂ ಸಿಗದ ಹಕ್ಕಿ. ಕೆಂಚು ಎದೆ, ಕಣ್ಣಿನ ಮೇಲೆ ಬಿಳಿ ಹುಬ್ಬು. ನಮ್ಮನ್ನು ನೋಡಿ ಇನ್ನೂ ಜೋರಾಗಿ ನಗುತ್ತಿದ್ದವು. ಕಿತ್ತಳೆ ಮತ್ತು ಕಪ್ಪು ಬಣ್ಣದ ಪುಟ್ಟ ನೊಣಹಿಡುಕ ಒಂದು ನಾಲ್ಕಡಿ ದೂರದ ಕಡ್ಡಿ ಮೇಲೆ ಕೂತು ಪುಟ್ಟಿಯನ್ನೇ ನೋಡಿತು. ಕ್ಯಾಮೆರಾ ತೆಗೆಯುವವರೆಗೂ ಕೂತಿತ್ತು, ಫೋಕಸ್ ಆಗುವಷ್ಟರಲ್ಲಿ ಹೋಯಿತು. ಕೆಂದಳಿಲು ಕಂಡಿತು. ಕಾಟಿ ಕಾಣಲಿಲ್ಲ, ಅದರ ಹಸಿ ಸಗಣಿ ಕಂಡಿತು. ಅಮ್ಮ ಅದನ್ನು ನೋಡಿ "ನಮ್ ಎಮ್ಮೇದೇ ಥರ" ಅಂದು ಮುಂದೆ ಹೋದರು.

ಎರಡು ಕಿಲೋಮೀಟರ್ ಇರಬಹುದು, ಮೂರು ಗಂಟೆ ಆಯಿತು. ಅಪ್ಪ ಅಲ್ಲಲ್ಲಿ ನಿಲ್ಲಬೇಕು. ಪುಟ್ಟಿ ಪ್ರತಿ ಅಣಬೆಗೂ ಕೂರಬೇಕು. ನಮ್ಮಿಂದ ಆಮೇಲೆ ಒಳಗೆ ಬಂದ ಹುಡುಗರ ಗುಂಪೊಂದು ಮುಕ್ಕಾಲು ಗಂಟೆಯಲ್ಲಿ ಸುತ್ತಿ ಮುಗಿಸಿ, ಏನೂ ಕಾಣಲಿಲ್ಲ ಅಂತ ಗೊಣಗಿಕೊಂಡು ಹೋಯಿತು.

ಹೊರಗೆ ಬಂದು ಇವರು ಶೂ ಬಿಚ್ಚಿದರು. ಬಲಗಾಲಿನಲ್ಲಿ ಮೂರು, ಎಡಗಾಲಿನಲ್ಲಿ ಎರಡು. ರಕ್ತ ಕುಡಿದು ದ್ರಾಕ್ಷಿ ಥರ ಆಗಿದ್ದವು. ನಮ್ಮ ಯಾರಿಗೂ ಒಂದೂ ಇಲ್ಲ. ಅಮ್ಮ ಮಾತಾಡಲಿಲ್ಲ. ಎಲೆಅಡಿಕೆ ಚೀಲ ತೆಗೆದು, ಒಂದು ಚೂರು ಹೊಗೆಸೊಪ್ಪು ಅಳಿಯನ ಮುಂದೆ ಹಿಡಿದರು. ಒತ್ತಿದ ಕೂಡಲೇ ಉದುರಿದವು. ರಕ್ತ ಮಾತ್ರ ಸಂಜೆವರೆಗೂ ಒಸರುತ್ತಿತ್ತು, ಹೊಸ ಶೂ ಒಳಗೆಲ್ಲ ಕೆಂಪು.

ಮಧ್ಯಾಹ್ನ ಕೊಡನಾಡು ವ್ಯೂ ಪಾಯಿಂಟ್‌ಗೆ ಹೋದೆವು. ಮಂಜು. ಬಿಳಿ ಗೋಡೆ ಮುಂದೆ ಮುಕ್ಕಾಲು ಗಂಟೆ ನಿಂತು ವರ್ಕಿ ತಿಂದೆವು. ಊಟಿ ವರ್ಕಿ ಅಂದರೆ ಪದರ ಪದರವಾದ ಗಟ್ಟಿ ಬಿಸ್ಕತ್ತು, ಟೀಯಲ್ಲಿ ಅದ್ದಿದರೆ ಮಾತ್ರ ಅದರ ರುಚಿ ಗೊತ್ತಾಗುತ್ತದೆ. 2023ರಲ್ಲಿ ಅದಕ್ಕೆ ಜಿಐ, ಅಂದರೆ ಈ ಊರಿನದೇ ವಿಶೇಷ ಅನ್ನುವ ಮಾನ್ಯತೆಯೂ ಸಿಕ್ಕಿದೆ. ಒಂದೆರಡು ನಿಮಿಷ ಮಂಜು ಹರಿಯಿತು. ಎಷ್ಟೋ ಕೆಳಗೆ ಮೋಯಾರ್ ನದಿ, ದಾರದ ಎಳೆ ಥರ. ಆಚೆ ಬೆಟ್ಟ ದಾಟಿದರೆ ನಮ್ಮ ಚಾಮರಾಜನಗರ. ಮೂರೂಕಾಲಿಗೆ ಮಳೆ.

ಸಂಜೆ ಹೋಮ್‌ಸ್ಟೇ ಅಂಗಳದಿಂದ ಕೆಳಗಿನ ಟೀ ತೋಟದಲ್ಲಿ ಕಾಟಿ ಕಂಡವು, ಐದು. ಕಾಡಿನಲ್ಲಿ ಹುಡುಕಿದ್ದು ಮನೆ ಬಾಗಿಲಿಗೆ ಬಂದಿದ್ದವು. ಕಾಲಿಗೆ ಬಿಳಿ ಸಾಕ್ಸ್ ಹಾಕಿದ ಹಾಗೆ ಕಾಣುತ್ತವಲ್ಲ, ಪುಟ್ಟಿ "ಅವಕ್ಕೂ ಅಜ್ಜಿ ಹೊಗೆಸೊಪ್ಪು ಹಚ್ಚಬೇಕು" ಅಂದಳು.

ಮೂರನೇ ದಿನ: ಹೆಸರಿರುವ ಮರಗಳು

ಕೂನೂರಿಗೆ ಮುಕ್ಕಾಲು ಗಂಟೆ. ಸಿಮ್ಸ್ ಪಾರ್ಕ್ ಮುಂದೆ ಪಾರ್ಕಿಂಗ್ ಕಷ್ಟ, ಒಂಬತ್ತರ ಒಳಗೆ ಹೋದರೆ ಸಿಗುತ್ತದೆ. ಎದುರಿಗೆ ಕೆಂಪು ಹೆಂಚಿನ ಪಾಶ್ಚರ್ ಸಂಸ್ಥೆ. ಹುಚ್ಚುನಾಯಿ ಕಡಿತದ ಚಿಕಿತ್ಸೆಗೆಂದು 1907ರಲ್ಲಿ ಶುರುವಾದದ್ದು. ಹೋದ ವರ್ಷ ಬೀದಿನಾಯಿ ಕಚ್ಚಿ ಸಾಲಾಗಿ ಸೂಜಿ ಚುಚ್ಚಿಸಿಕೊಂಡಿದ್ದ ಪುಟ್ಟಿ ಆ ಕಡೆ ಬೆನ್ನು ಹಾಕಿ ನಿಂತಳು.

ಪಾರ್ಕ್ 1874ರದ್ದು. ಮದ್ರಾಸ್ ಸರ್ಕಾರದ ಕಾರ್ಯದರ್ಶಿಯಾಗಿದ್ದ ಜೆ.ಡಿ. ಸಿಮ್ಸ್ ಆಸಕ್ತಿ ವಹಿಸಿ ಮಾಡಿಸಿದ್ದಂತೆ. 12 ಹೆಕ್ಟೇರ್. ನನಗೆ ಇಷ್ಟವಾಗಿದ್ದು ಏನೆಂದರೆ, ಇಳಿಜಾರನ್ನು ಸಮ ಮಾಡಲು ಹೋಗಿಲ್ಲ. ಬೆಟ್ಟದ ಮಡಿಲು ಹೇಗಿದೆಯೋ ಹಾಗೇ ದಾರಿ ಸುತ್ತಿ ಸುತ್ತಿ ಇಳಿಯುತ್ತದೆ, ಕೊನೆಗೆ ಕೆಳಗೊಂದು ಪುಟ್ಟ ಕೊಳ. ಮೇಲಿನ ಹೂವಿನ ಪಾತಿಗಳಲ್ಲಿ ಎಲ್ಲರೂ ಸೆಲ್ಫಿ ತೆಗೆದುಕೊಂಡು ವಾಪಸ್ ಹೋಗುತ್ತಾರೆ. ಅರ್ಧ ಇಳಿದರೆ ಸಾಕು, ದೊಡ್ಡ ಮರಗಳು, ಆಳೆತ್ತರದ ಮರಜರಿ, ಜನ ಇಲ್ಲ. ಮಂಡಿ ನೋವಿನವರನ್ನು ಕರೆದುಕೊಂಡು ಹೋಗುವವರು ಒಂದು ಲೆಕ್ಕ ಇಟ್ಟುಕೊಳ್ಳಿ: ಇಳಿದದ್ದನ್ನೆಲ್ಲ ಹತ್ತಬೇಕು.

ಇಲ್ಲಿ ಮರಗಳಿಗೆ ಹೆಸರಿನ ಫಲಕ ಇದೆ. ಅಪ್ಪನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಪುಟ್ಟಿ ಒಂದೊಂದೇ ಅಕ್ಷರ ಕೂಡಿಸಿ ಓದುವುದು, ತಾತ ತಲೆ ಆಡಿಸುವುದು. "ಸಿ-ನ್ನ-ಮೋ-ಮಮ್" ಅಂತ ಓದಿದಳು. ಅಪ್ಪ ಕೆಳಗೆ ಬಿದ್ದ ಎಲೆ ಹಿಸುಕಿ ಮೂಸಿದರು. "ನೆನ್ನೆ ನೋಡಿದ್ದು ಇದರ ತಮ್ಮನೋ ದಾಯಾದಿಯೋ ಇರಬೇಕು" ಅಂದರು. ಅದಾದ ಮೇಲೆ ಪ್ರತಿ ಮರದ ಹತ್ತಿರವೂ ಮೊದಲು ಮೂಸುವುದು, ಆಮೇಲೆ ಫಲಕ ಓದಿಸುವುದು. ಟರ್ಪೆಂಟೈನ್ ಮರಕ್ಕೆ ಪೇಂಟ್ ವಾಸನೆ ಬರಲಿಲ್ಲ ಅಂತ ಇಬ್ಬರಿಗೂ ಬೇಸರ.

ಅಮ್ಮನಿಗೆ ಬೇಕಾಗಿದ್ದದ್ದು ಒಂದೇ ಮರ, ರುದ್ರಾಕ್ಷಿ. ಸಿಕ್ಕಿತು. ಕೈಮುಗಿದು ಸುತ್ತ ನೆಲವನ್ನೆಲ್ಲ ಹುಡುಕಿದರು. ಕಸ ಗುಡಿಸುತ್ತಿದ್ದ ಮಾಲಿ ಇದನ್ನು ದಿನಾ ನೋಡುತ್ತಾರೆ ಅಂತ ಕಾಣುತ್ತದೆ. ಜೇಬಿನಿಂದ ಒಂದು ಕಾಯಿ ತೆಗೆದು ತೋರಿಸಿದರು, ನೀಲಿ ಸಿಪ್ಪೆ, ಒಳಗೆ ಗೀರು ಗೀರಾದ ಬೀಜ. ಅಮ್ಮ ಕೈ ಚಾಚಿದರು. ಮಾಲಿ ಕಾಯಿಯನ್ನು ವಾಪಸ್ ಜೇಬಿಗೆ ಹಾಕಿಕೊಂಡರು. ಪಾರ್ಕಿನಿಂದ ಏನೂ ತೆಗೆದುಕೊಂಡು ಹೋಗುವ ಹಾಗಿಲ್ಲ. "ದೇವರ ವಸ್ತು ಕೇಳಿದ್ರೂ ಕೊಡಲ್ಲ ನೋಡು" ಅಂತ ಅಮ್ಮ ಕೊಳದವರೆಗೂ ಹೇಳಿಕೊಂಡು ಬಂದರು.

ಕೊಳದ ಪಕ್ಕದ ಬೆಂಚಿನಲ್ಲಿ ಕೊಬ್ಬರಿ ಮಿಠಾಯಿ ಡಬ್ಬಿ ಖಾಲಿಯಾಯಿತು. ಪುಟ್ಟಿ ಮತ್ತು ಇವರು ಪೆಡಲ್ ಬೋಟ್‌ಗೆ ಹೋದರು. ಅಪ್ಪ ಬೋಟು ಬೇಡ ಅಂದವರು, ಬೆಂಚಿನಲ್ಲಿ ಒಂದು ಕಾಲು ನೀಡಿಕೊಂಡು ಕೂತು, ಬಹಳ ಹೊತ್ತಿನ ಮೇಲೆ ಕೇಳಿದರು.

"ಆ ಕಾಡು ಹಾಗಾಗೋಕೆ ಎಷ್ಟು ವರ್ಷ ಬೇಕು?"

"ಗೊತ್ತಿಲ್ಲ ಅಪ್ಪ. ನೂರಾರು ವರ್ಷ ಇರಬಹುದು."

"ನಮ್ ಎರಡು ಎಕರೆಗೆ ಹೊಂಗೆ ಹಾಕಿದ್ರೆ ಏನಂತೀಯ? ಹೊಂಗೆ, ನೇರಳೆ, ಬದುವಿಗೆ ಹಲಸು."

"ಕೂಲಿ ಸಿಗಲ್ಲ ಅಂತಿದ್ರಲ್ಲ."

"ಅದೂ ಇದೆ" ಅಂದರು. ಮಾತು ಅಲ್ಲಿಗೇ ನಿಂತಿತು.

ಮೇಲೆ ಹತ್ತಲು ಐವತ್ತು ನಿಮಿಷ ಆಯಿತು. ಅಲ್ಲಿಂದ ನಮ್ಮ ದಿನದ ಲೆಕ್ಕ ತಪ್ಪಿತು. ಊಟ ಮುಗಿಸಿ ಕೂನೂರು ಬಿಟ್ಟಾಗ ಮೂರೂವರೆ, ಮಳೆ ಆಗಲೇ ಹಾಜರಿತ್ತು. ಕಲ್ಹಟ್ಟಿಯಲ್ಲಿ ಇಳಿಯುವ ಹಾಗಿಲ್ಲವಾದ್ದರಿಂದ ಗೂಡಲೂರು ಸುತ್ತಿ ಬರಬೇಕು. ಊಟಿ ಪೇಟೆಯಲ್ಲೇ ಒಂದು ಗಂಟೆ ತಿಂದಿತು. ಬಂಡೀಪುರದಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಗಾಡಿ ಬಿಡುವುದಿಲ್ಲ. ಗೂಡಲೂರಿನಲ್ಲಿ ಗಂಟೆ ಏಳೂಮುಕ್ಕಾಲು. ಇವರು ಮಾತು ನಿಲ್ಲಿಸಿದರು. ಮುದುಮಲೈ ಕತ್ತಲಲ್ಲಿ ರಸ್ತೆ ಉಬ್ಬುಗಳು ಒಂದಾದ ಮೇಲೊಂದು. ಜೋರಾಗಿ ಹೋಗುವ ಹಾಗೂ ಇಲ್ಲ, ನಿಧಾನ ಮಾಡುವ ಹಾಗೂ ಇಲ್ಲ. ಒಂದು ಕಡೆ ಆನೆ ಮರಿಯ ಜೊತೆ ರಸ್ತೆ ಪಕ್ಕದಲ್ಲೇ ನಿಂತಿತ್ತು. ಬೇರೆ ದಿನವಾಗಿದ್ದರೆ ಸಂಭ್ರಮ. ಅವತ್ತು ನಾವೆಲ್ಲ ಅದಕ್ಕೆ "ದಾರಿ ಬಿಡಮ್ಮ ತಾಯಿ" ಅಂತ ಕೈಮುಗಿದೆವು. ಗಡಿಯ ಗೇಟಿಗೆ ಬಂದಾಗ ಎಂಟು ನಲವತ್ತು. ನಮ್ಮ ಹಿಂದೆ ಬಂದದ್ದು ಇನ್ನು ಎರಡೇ ಕಾರು.

ಮನೆ ತಲುಪಿದಾಗ ಹನ್ನೊಂದು ದಾಟಿತ್ತು. ಪುಟ್ಟಿಯನ್ನು ಹೆಗಲ ಮೇಲೆ ಹಾಕಿಕೊಂಡು ಇವರು ಒಳಗೆ ಹೋದರು. ಅಪ್ಪ ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚಿದರು. ಅಡಿಯ ಸಂದಿಯಲ್ಲಿ ಲಾಂಗ್‌ವುಡ್‌ನ ಕಪ್ಪು ಮಣ್ಣು ಇನ್ನೂ ಅಂಟಿಕೊಂಡಿತ್ತು. "ಅಲ್ಲೇ ಬಿಡಿ, ಬೆಳಿಗ್ಗೆ ತೊಳೆದ್ರಾಯ್ತು" ಅಂದರು ಅಮ್ಮ. ಅಪ್ಪ ಒಂದು ಕಡ್ಡಿ ಹುಡುಕಿ, ಎರಡೂ ಶೂ ಕೆರೆದು, ಆ ಮಣ್ಣನ್ನು ಬಾಗಿಲ ಪಕ್ಕದ ದಾಸವಾಳದ ಕುಂಡಕ್ಕೆ ಉದುರಿಸಿ, ಮೇಲೆ ಸ್ವಲ್ಪ ನೀರು ಹಾಕಿದರು. ಆಮೇಲೆ ಒಳಗೆ ಬಂದು ಮಂಡಿಗೆ ಎಣ್ಣೆ ಕೇಳಿದರು.